ಗಾಜಿನ ತೊಟ್ಟಿಯಲ್ಲಿ ಅಣುವ್ರತ

ಬೆಳಗಾವಿ ಜಿಲ್ಲೆಯ ಒಂದು ಪೇಟೆಯೂರಿನಲ್ಲಿ ಮೂರು ತಲೆಮಾರುಗಳಿಂದ ಬೆಲ್ಲ ಮತ್ತು ಕಾಳುಕಡಿಯ ವ್ಯಾಪಾರ ನಡೆಸಿಕೊಂಡು ಬಂದಿರುವ ದಿಗಂಬರ ಜೈನ ಮನೆತನವೊಂದಿದೆ. ಮನೆಯ ಯಜಮಾನರು ಊರ ಬಸದಿಯ ಟ್ರಸ್ಟಿನ ಖಜಾಂಚಿಗಳು. ಅವರ ಧರ್ಮಪತ್ನಿ ವ್ರತಪ್ರತಿಮೆಯನ್ನು ಸ್ವೀಕರಿಸಿದ ಶ್ರಾವಿಕೆ. ಸೂರ್ಯಾಸ್ತದ ಅನಂತರ ಆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಬಾವಿಯ ನೀರನ್ನು ಎರಡು ಮಡಿಕೆಯ ಅರಿವೆಯಲ್ಲಿ ಸೋಸಿ, ಅರಿವೆಯಲ್ಲಿ ಉಳಿದ ಸೂಕ್ಷ್ಮಜೀವಗಳನ್ನು ಅದೇ ಬಾವಿಗೆ ಮೆಲ್ಲನೆ ಇಳಿಬಿಡುವ ಪದ್ಧತಿ ಇಂದಿಗೂ ತಪ್ಪಿಲ್ಲ. ಇಂಥ ಮನೆಯ ಪಡಸಾಲೆಗೆ ಮೂರು ಅಡಿ ಉದ್ದದ ಗಾಜಿನ ತೊಟ್ಟಿಯೊಂದು ಹೇಗೆ ಬಂದಿತೆಂದು ಯಾರಾದರೂ ಕೇಳಿಯಾರು. ಅದು ಉಡುಗೊರೆಯಾಗಿ ಬಂದಿತು. 2021ರಲ್ಲಿ ಶಾಲೆಗಳು ಮುಚ್ಚಿದ್ದಾಗ ಮೊಮ್ಮಗನ ಬೇಸರ ಕಳೆಯಲೆಂದು ಅವನ ಸೋದರಮಾವ ತೊಟ್ಟಿ, ದೀಪ, ಗಾಳಿ ಊದುವ ಯಂತ್ರ, ಮೀನುಗಳು ಎಲ್ಲವನ್ನೂ ಒಟ್ಟಿಗೆ ತಂದಿಳಿಸಿ ಹೋದನು. ಬಂದ ಜೀವಗಳನ್ನು ಹಿಂದಿರುಗಿಸಿದರೆ ಅವು ಅಂಗಡಿಯ ಇಕ್ಕಟ್ಟಿನ ತೊಟ್ಟಿಗೇ ಮರಳುತ್ತವೆ. ಇಟ್ಟುಕೊಂಡರೆ ಬಂಧನ. ಅಹಿಂಸಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಮೊದಲನೆಯದೇ ಬಂಧ ಎಂಬುದನ್ನು ಹಿರಿಯ ಶ್ರಾವಿಕೆ ಅಂದೇ ನೆನಪಿಸಿದ್ದರು. ಆದರೂ ಮೀನುಗಳು ಉಳಿದವು. ಮಕ್ಕಳ ಕಣ್ಣೀರಿನ ಮುಂದೆ ಶ್ರಾವಕಾಚಾರವು ಮೆತ್ತಗಾಗುವುದು ಆ ಮನೆಯೊಂದರಲ್ಲಿ ಮಾತ್ರ ಕಂಡುಬರುವ ಸಂಗತಿಯಲ್ಲ.

ತೊಟ್ಟಿಯಲ್ಲಿ ಸುಮಾರು 100 ಲೀಟರ್ ನೀರು. ಎಂಟು ನಿಯಾನ್ ಟೆಟ್ರಾಗಳು, ತಳದ ಹರಳುಗಳ ಮೇಲೆ ಮೂತಿಯೂರಿ ತಿರುಗುವ ನಾಲ್ಕು ಕೋರಿಡೋರಸ್ ಮೀನುಗಳು, ಹಾವಿನ ಮರಿಗಳಂತೆ ಕಲ್ಲಿನ ಸಂದಿಯಲ್ಲಿ ಅಡಗುವ ಮೂರು ಕುಹ್ಲಿ ಲೋಚ್‌ಗಳು, ಯಾರೂ ತರದೆ ಗಿಡದೊಡನೆ ಬಂದ ಕೆಲವು ಬಸವನಹುಳುಗಳು. ಟೆಟ್ರಾ ಮತ್ತು ಕೋರಿಡೋರಸ್ ದಕ್ಷಿಣ ಅಮೆರಿಕದ ಮೃದುನೀರಿನ ಹೊಳೆಗಳ ಕುಲದವು. ಲೋಚ್ ಆಗ್ನೇಯ ಏಷ್ಯದ್ದು. ಇಂದು ಇವುಗಳಲ್ಲಿ ಬಹುಪಾಲು ಕೊಳಗಳಲ್ಲಿಯೇ ಮರಿಮಾಡಿದಂಥವು. ಚೆನ್ನೈ ನಗರದ ಕೊಳತ್ತೂರು ಈ ವ್ಯಾಪಾರಕ್ಕೆ ಹೆಸರಾದ ಸ್ಥಳ. ಟೆಟ್ರಾ ಗಾತ್ರದಲ್ಲಿ ಚಿಕ್ಕದು, ಪ್ರಾಣದಲ್ಲಿ ಸುಕುಮಾರ. ಲೋಚ್ ಮೀನಿಗೆ ಹುರುಪೆ ಬಹು ಸೂಕ್ಷ್ಮ, ಇಲ್ಲವೆಂದೇ ಹೇಳಬೇಕು. ಕೋರಿಡೋರಸ್ ಮೈಗೆ ಹುರುಪೆಗಳ ಬದಲು ಎಲುಬಿನ ಫಲಕಗಳು. ಮೈಯ ಹೊದಿಕೆ ಹೀಗಿರುವ ಮೀನುಗಳಿಗೆ ನೀರಿನಲ್ಲಿ ಬೆರೆಸಿದ ಮದ್ದು ಬೇಗನೆ ವಿಷವಾಗುತ್ತದೆ. ಇದನ್ನು ಮನೆಯವರು ಮುಂದೆ ಕಷ್ಟಪಟ್ಟು ಕಲಿಯಬೇಕಾಯಿತು.

2022ರ ಆಗಸ್ಟ್ ತಿಂಗಳು, ಚಾತುರ್ಮಾಸದ ಕಾಲ. ಒಂಬತ್ತನೆಯ ತರಗತಿಯಲ್ಲಿದ್ದ ಮೊಮ್ಮಗನು ಕೂಡಿಟ್ಟ ಹಣದಿಂದ ಕಿತ್ತಳೆ ಮೈಗೆ ಕಪ್ಪು ಪಟ್ಟೆಗಳಿದ್ದ ಎರಡು ಕ್ಲೌನ್ ಲೋಚ್ ಮರಿಗಳನ್ನು ತಂದು ನೇರವಾಗಿ ತೊಟ್ಟಿಗೆ ಬಿಟ್ಟನು. ಹೊಸ ಮೀನನ್ನು ಎರಡು ಮೂರು ವಾರ ಬೇರೆ ಪಾತ್ರೆಯಲ್ಲಿಟ್ಟು ನೋಡಿ ಅನಂತರ ಸೇರಿಸಬೇಕೆಂಬ ನಿಯಮವನ್ನು ಅಂಗಡಿಯವನು ಹೇಳಲಿಲ್ಲ, ಹುಡುಗನು ಕೇಳಲಿಲ್ಲ. ಮಳೆಯ ರಾತ್ರಿಗಳಲ್ಲಿ ತೊಟ್ಟಿಯ ನೀರು 22 ಡಿಗ್ರಿಗೆ ಇಳಿಯುತ್ತಿದ್ದಿತು. ನೀರು ಥಟ್ಟನೆ ತಂಪಾದಾಗ ಮೀನಿನ ಮೈಯ ತಡೆಶಕ್ತಿ ಕುಗ್ಗುತ್ತದೆ. ಆರನೆಯ ದಿನ ಬೆಳಿಗ್ಗೆ ಹುಡುಗನು ಅಜ್ಜಿಯನ್ನು ಕೂಗಿದನು: "ಆಯೀ, ಮೀನಿನ ಮೈಮ್ಯಾಲೆ ಉಪ್ಪ ಚೆಲ್ಲಿದಂಗ ಆಗೇತಿ, ಬಾ ಇಲ್ಲಿ."

ಅದು ಬಿಳಿಚುಕ್ಕೆ ರೋಗ. ಸಿಹಿನೀರಿನ ಮೀನು ಸಾಕಿದವರಲ್ಲಿ ಇದನ್ನು ಕಾಣದವರು ವಿರಳ. ರೋಗಕ್ಕೆ ಕಾರಣವಾದ ಜೀವಿಯನ್ನು ಫ್ರಾನ್ಸಿನ ಫೂಕೆ ಎಂಬವನು 1876ರಲ್ಲಿ ವರ್ಣಿಸಿ ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಸ್ ಎಂದು ಹೆಸರಿಟ್ಟನು. ಬಹುಸಂತಾನವುಳ್ಳ ಮೀನುಹೇನು ಎಂಬುದು ಆ ಹೆಸರಿನ ಅರ್ಥ. ವಾಸ್ತವದಲ್ಲಿ ಅದು ಹೇನಲ್ಲ. ಮೈತುಂಬ ನವಿರಾದ ರೋಮಗಳಿಂದ ಈಜಾಡುವ ಒಂದೇ ಜೀವಕೋಶದ ಪ್ರಾಣಿ.

ಮನೆಯ ಸೊಸೆ ಪ್ರಾಣಿಶಾಸ್ತ್ರವನ್ನು ಓದಿ ಬಿಎಸ್‌ಸಿ ಪದವಿ ಪಡೆದವರು. ಮದುವೆಯಾದ ಮೇಲೆ ಆ ವಿದ್ಯೆ ಅಡುಗೆಮನೆಯಲ್ಲಿ ಮೊದಲ ಬಾರಿಗೆ ಪ್ರಯೋಜನಕ್ಕೆ ಬಂದದ್ದು ಆ ವಾರವೇ ಎಂದು ಅವರು ಆಮೇಲೆ ನಕ್ಕು ಹೇಳಿದರು. ಆ ಜೀವಿಯ ಬಾಳುವೆಯನ್ನು ಅವರು ಅತ್ತೆ ಮಾವಂದಿರಿಗೆ ಹೀಗೆ ವಿವರಿಸಿದರು. ಕಣ್ಣಿಗೆ ಕಾಣುವ ಬಿಳಿ ಚುಕ್ಕೆಯು ಮೀನಿನ ಮೇಲ್ಚರ್ಮದ ಅಡಿಯಲ್ಲಿ ಕುಳಿತು ಆ ಚರ್ಮವನ್ನೇ ತಿಂದು ಬೆಳೆಯುತ್ತಿರುವ ಜೀವಿ. ಹೆಚ್ಚೆಂದರೆ 1 ಮಿಲಿಮೀಟರ್ ಗಾತ್ರ. ಕಿವಿರುಗಳಲ್ಲಿಯೂ ಅದು ಹೊಕ್ಕಿರುತ್ತದೆ; ಮೀನು ಸಾಯುವುದು ಹೆಚ್ಚಾಗಿ ಅಲ್ಲಿನ ಹಾನಿಯಿಂದ, ಉಸಿರು ಕಟ್ಟಿ. ಬೆಳೆದ ಮೇಲೆ ಅದು ಚರ್ಮವನ್ನು ಹರಿದು ಹೊರಬಿದ್ದು, ಹರಳಿಗೋ ಗಾಜಿಗೋ ಗಿಡದ ಎಲೆಗೋ ಅಂಟಿ, ಸುತ್ತಲೂ ಕೋಶ ಕಟ್ಟಿಕೊಂಡು ಒಳಗೊಳಗೇ ಒಡೆದು, ಕೆಲವು ನೂರರಿಂದ ಸಾವಿರದವರೆಗೆ ಮರಿಗಳಾಗುತ್ತದೆ. ಆ ಮರಿಗಳು ನೀರಿಗೆ ಬಂದ ಮೇಲೆ ಒಂದೆರಡು ದಿನಗಳಲ್ಲಿ ಒಂದು ಮೀನನ್ನು ಕಂಡುಕೊಳ್ಳದಿದ್ದರೆ ಸಾಯುತ್ತವೆ. 25 ಡಿಗ್ರಿಯ ನೀರಿನಲ್ಲಿ ಈ ಚಕ್ರವು ಒಂದು ವಾರದೊಳಗೆ ಮುಗಿಯುತ್ತದೆ. 10 ಡಿಗ್ರಿಯ ತಣ್ಣೀರಿನಲ್ಲಿ ತಿಂಗಳಿಗೂ ಮಿಕ್ಕಿ ಎಳೆಯುತ್ತದೆ. ಚರ್ಮದ ಅಡಿಯಲ್ಲಿರುವಾಗಲೂ ಕೋಶದೊಳಗಿರುವಾಗಲೂ ಮದ್ದು ಅದನ್ನು ಮುಟ್ಟಲಾರದು. ಈಜುವ ಮರಿಯ ಅವಸ್ಥೆಯೊಂದರಲ್ಲಿ ಮಾತ್ರ ಮದ್ದು ನಾಟುತ್ತದೆ. ಆದುದರಿಂದಲೇ ಒಂದು ದಿನದ ಚಿಕಿತ್ಸೆಯಿಂದ ಪ್ರಯೋಜನವಿಲ್ಲ. ಚುಕ್ಕೆ ಮಾಯವಾದ ಮೇಲೆಯೂ ಕೆಲವು ದಿನ ಮುಂದುವರಿಸಬೇಕು.

ಆ ಸಂಜೆಯೇ ಯಜಮಾನರು ಅಂಗಡಿಯಿಂದ ನೀಲಿ ಹಸಿರು ಬಣ್ಣದ ಮದ್ದಿನ ಶೀಶೆಯನ್ನು ತಂದರು. ಅದು ಮ್ಯಾಲಕೈಟ್ ಗ್ರೀನ್. ಚಿತ್ರಮಯವಾದ ಮೀನುಗಳಿಗೆ ಬಳಸುತ್ತಾರೆಯೇ ಹೊರತು, ತಿನ್ನುವ ಮೀನಿಗೆ ಇದನ್ನು ಹಾಕುವುದು ಅನೇಕ ದೇಶಗಳಲ್ಲಿ ನಿಷಿದ್ಧ. ಮನುಷ್ಯನಿಗೂ ಒಳ್ಳೆಯದಲ್ಲ. ತಾಮ್ರದ ಲವಣದ ಮದ್ದೂ ಇದ್ದಿತು. ಆದರೆ ತಾಮ್ರವು ಬಸವನಹುಳುಗಳನ್ನು ಕೊಲ್ಲುತ್ತದೆ, ಮೃದುನೀರಿನಲ್ಲಿ ಮೀನನ್ನೂ ಬಿಡುವುದಿಲ್ಲ. ಮ್ಯಾಲಕೈಟ್ ಶೀಶೆಯ ಮೇಲೆ, ಹುರುಪೆಯಿಲ್ಲದ ಮೀನುಗಳಿಗೆ ಅರ್ಧ ಪ್ರಮಾಣ ಎಂದು ಸಣ್ಣ ಅಕ್ಷರಗಳಲ್ಲಿ ಬರೆದಿತ್ತು. ಅಂಗಡಿಯವನು ಇನ್ನೊಂದು ಉಪಾಯವನ್ನೂ ಹೇಳಿ ಕಳುಹಿಸಿದ್ದನು: ಹೆಚ್ಚು ಚುಕ್ಕೆಯಾದ ಮೀನುಗಳನ್ನು ತೆಗೆದು ಎಸೆದುಬಿಡಿ, ಉಳಿದವು ಬದುಕುತ್ತವೆ, ಅವಕ್ಕೂ ನೋವು ತಪ್ಪುತ್ತದೆ.

ಹಿರಿಯ ಶ್ರಾವಿಕೆ ಶೀಶೆಯನ್ನು ಕಂಡು, ಇದು ಏನನ್ನು ಕೊಲ್ಲುವುದು ಎಂದು ಕೇಳಿದರು. ಉತ್ತರ ಸರಳವಾಗಿತ್ತು. ವ್ರತ ಹಿಡಿದ ತನ್ನ ಮನೆಯಲ್ಲಿ, ಅದೂ ಚಾತುರ್ಮಾಸದಲ್ಲಿ, ತಿಳಿದು ತಿಳಿದು ಸಾವಿರಗಟ್ಟಲೆ ಜೀವಗಳಿಗೆ ವಿಷ ಹಾಕುವುದು ಬೇಡವೆಂದರು. ಯಜಮಾನರು ಅದು ಬರಿಗಣ್ಣಿಗೂ ಸರಿಯಾಗಿ ಕಾಣದ ಕ್ಷುದ್ರಜೀವಿ, ಮೀನಾದರೋ ಪಂಚೇಂದ್ರಿಯ ತಿರ್ಯಂಚ ಎಂದು ವಾದಿಸಿದರು. ಮರುದಿನ ಬಸದಿಯಲ್ಲಿ ಸ್ವಾಧ್ಯಾಯ ಮುಗಿದ ಮೇಲೆ ಪ್ರಶ್ನೆಯು ಪಂಡಿತರ ಮುಂದೆ ಬಂದಿತು.

ಪಂಡಿತರು ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಕೃಮಿ, ಇರುವೆ, ದುಂಬಿ, ಮನುಷ್ಯ ಎಂದು ಒಂದೊಂದು ಇಂದ್ರಿಯ ಹೆಚ್ಚುವ ಕ್ರಮವನ್ನು ಹೇಳಿದೆ. ಈ ಜೀವಿಯು ತಾನಾಗಿ ಚಲಿಸುತ್ತದೆ, ಆಹಾರವನ್ನು ಅರಸುತ್ತದೆ. ಹೀಗಿರುವಾಗ ಇದನ್ನು ಸ್ಥಾವರವೆಂದು ತಳ್ಳಿಹಾಕುವ ಧೈರ್ಯ ತಮಗಿಲ್ಲ. ತ್ರಸವೆಂದೇ ಎಣಿಸುವುದು ವಿವೇಕ ಎಂದರು. ಹಾಗಾದರೆ ಗೃಹಸ್ಥನು ಬಿಡಬೇಕಾದ ಸಂಕಲ್ಪಿ ಹಿಂಸೆಯೋ ಇದು, ಬಿಡಲಾಗದ ವಿರೋಧಿ ಹಿಂಸೆಯೋ? ಇಲ್ಲಿ ಪಂಡಿತರು ಅಮೃತಚಂದ್ರಸೂರಿಗಳ ಪುರುಷಾರ್ಥಸಿದ್ಧ್ಯುಪಾಯವನ್ನು ನೆನೆದರು. ಅನೇಕರನ್ನು ಕೊಲ್ಲುವ ಒಂದು ಜೀವಿಯನ್ನು ಕೊಂದರೆ ಅನೇಕರ ರಕ್ಷಣೆಯಾಗುತ್ತದೆ ಎಂಬ ನೆಪದಿಂದಲೂ ಕೊಲ್ಲಬಾರದು, ಬಹುದುಃಖದಲ್ಲಿರುವ ಜೀವಿಯ ದುಃಖ ಬೇಗ ತೀರಲಿ ಎಂಬ ನೆಪದಿಂದಲೂ ಕೊಲ್ಲಬಾರದು ಎಂದು ಆ ಆಚಾರ್ಯರು ಸ್ಪಷ್ಟವಾಗಿ ವಿಧಿಸಿದ್ದಾರೆ. ಅಂಗಡಿಯವನ ಉಪಾಯಕ್ಕೆ ಸುಮಾರು ಸಾವಿರ ವರ್ಷಗಳ ಹಿಂದೆಯೇ ಉತ್ತರ ದೊರೆತಿತ್ತು. ಶೀಶೆಯ ಪ್ರಶ್ನೆ ಹಾಗೆ ತೀರಲಿಲ್ಲ. ಸೋಮದೇವಸೂರಿಗಳು ಕ್ರಿ.ಶ. 959ರಲ್ಲಿ ಮುಗಿಸಿದ ಯಶಸ್ತಿಲಕದಲ್ಲಿ ಬೆಸ್ತನನ್ನೂ ರೈತನನ್ನೂ ಹೋಲಿಸಿರುವರು. ಬಲೆ ಬೀಸಿದ ಬೆಸ್ತನು ಒಂದೂ ಮೀನು ಸಿಗದೆ ಮರಳಿದರೂ ಪಾಪಿ. ಉಳುವ ರೈತನಿಂದ ಎಷ್ಟೋ ಜೀವಗಳು ಸತ್ತರೂ ಅವನು ಹಾಗಲ್ಲ. ಭೇದವಿರುವುದು ಮನಸ್ಸಿನ ಅಭಿಪ್ರಾಯದಲ್ಲಿ. ವೈದ್ಯನ ಅಭಿಪ್ರಾಯವು ರೈತನದಕ್ಕೆ ಹತ್ತಿರವೆಂದು ಪಂಡಿತರಿಗೆ ತೋರಿತು. ಆದರೆ ರೋಗವು ಬಂದದ್ದು ಹೇಗೆ, ಬಂಧನ ಮಾಡಿದವರು ಯಾರು, ಹೊಸ ಮೀನನ್ನು ಕೊಂಡು ತಂದವರು ಯಾರು ಎಂದು ಅವರೇ ಮರುಪ್ರಶ್ನೆ ಹಾಕಿದರು. ತಾನೇ ಕರೆತಂದ ಶತ್ರುವಿನೊಡನೆ ಮಾಡುವ ಯುದ್ಧಕ್ಕೆ ವಿರೋಧಿ ಹಿಂಸೆಯೆಂಬ ಹೆಸರು ಒಪ್ಪುತ್ತದೆಯೇ?

ಚರ್ಚೆಯು ಗಂಭೀರವಾಗಿದ್ದಿತು, ಶಾಸ್ತ್ರಸಮ್ಮತವಾಗಿದ್ದಿತು, ದೀರ್ಘವಾಗಿದ್ದಿತು. ಅದರ ಮಧ್ಯೆ ಮೂರನೆಯ ದಿನ ಎರಡು ಟೆಟ್ರಾಗಳು ಸತ್ತವು. ನಾಲ್ಕನೆಯ ದಿನ ಒಂದು ಕ್ಲೌನ್ ಲೋಚ್ ಮಗ್ಗುಲಾಗಿ ಬಿದ್ದಿತು. ಮೈಯೆಲ್ಲ ಹಿಟ್ಟು ಎರಚಿದಂತಿತ್ತು. ಹುಡುಗನು ಊಟ ಬಿಟ್ಟು ಅತ್ತನು. "ನೀವು ಮಾತಾಡೂದ್ರಾಗ ಮೂರು ಸತ್ತವು," ಎಂದನು. ಮತ್ತೂ ಒಂದು ಮಾತನ್ನು ಹೇಳಿದನು. ಅದೇ ತಿಂಗಳು ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಜಂತುಹುಳುವಿನ ಮಾತ್ರೆ ನುಂಗಿಸಿದ್ದರು. ದೇಶದಲ್ಲಿ 2015ರಿಂದ ನಡೆದುಬಂದ ಕಾರ್ಯಕ್ರಮವದು. ತನ್ನ ಹೊಟ್ಟೆಯ ಹುಳು ಸಾಯುವಾಗ ಯಾರೂ ಪಂಡಿತರನ್ನು ಕೇಳಲಿಲ್ಲವಲ್ಲ ಎಂದು ಅವನ ಪ್ರಶ್ನೆ.

ಜಂತುಹುಳು ದ್ವೀಂದ್ರಿಯ, ಅದರಲ್ಲಿ ಸಂದೇಹವೇ ಇಲ್ಲ. ಅಜ್ಜಿಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಅವರು ಗಂಡನ ಕಡೆಗೆ ತಿರುಗಿ, ಹಾಗೆ ನೋಡಿದರೆ ಗೋದಾಮಿನಲ್ಲಿ ಕಡಲೆಗೆ ನುಸಿ ಹಿಡಿದಾಗ ತಾಡಪತ್ರಿ ಮುಚ್ಚಿ ಇಡುವ ಮಾತ್ರೆಗಳ ವಿಷಯವನ್ನೂ ಮಾತಾಡಬೇಕಾಗುತ್ತದೆ ಎಂದರು. ಯಜಮಾನರ ತಂದೆಯ ಕಾಲದಲ್ಲಿ ಕಾಳನ್ನು ಬಿಸಿಲಿಗೆ ಹರವಿ, ಬೇವಿನ ಸೊಪ್ಪು ಹಾಕಿ, ನುಸಿಯನ್ನು ಗೆರಸಿಯಲ್ಲಿ ಕೇರಿ ನೆರಳಿಗೆ ಬಿಡುತ್ತಿದ್ದರು. ವ್ಯಾಪಾರ ಬೆಳೆದ ಮೇಲೆ ಅಷ್ಟು ಅಂಗಳವೂ ಅಷ್ಟು ಕೈಗಳೂ ಇಲ್ಲವಾದವು. ಜಮಾ ಖರ್ಚಿನ ಪುಸ್ತಕದಲ್ಲಿ ಆ ಮಾತ್ರೆಗಳಿಗೆ "ಮಾಲು ರಕ್ಷಣೆ" ಎಂಬ ಖಾತೆಯಿದೆ. ಮೀನಿನ ತೊಟ್ಟಿಯ ಮುಂದೆ ನಿಂತು ಕ್ಷುದ್ರಜೀವಿಯ ಇಂದ್ರಿಯಗಳನ್ನು ಎಣಿಸಿದ ಗೃಹಸ್ಥರು ಆ ಖಾತೆಯನ್ನು ಎಂದೂ ಬಸದಿಗೆ ಒಯ್ದಿರಲಿಲ್ಲ. ಉದ್ಯೋಗಿ ಹಿಂಸೆ ಎಂಬ ಒಂದು ಶಬ್ದದ ಅಡಿಯಲ್ಲಿ ಎಷ್ಟು ಸರಕನ್ನು ತುಂಬಿಡಬಹುದೆಂಬುದು ವ್ಯಾಪಾರಿ ಕುಲಕ್ಕೆ ಗೊತ್ತಿರುವ ಸಂಗತಿ.

ಅಂದು ಸಂಜೆ ನೆರೆಯವರೊಬ್ಬರು ಸುಲಭದ ದಾರಿಯೊಂದನ್ನು ಸೂಚಿಸಿದರು. ಬಸದಿಯ ಮುಂದಿನ ಕೆರೆಯಲ್ಲಿ ಬಿಟ್ಟುಬಿಡಿ. ಬಂಧವಿಮೋಚನೆಯ ಪುಣ್ಯವೂ ಬಂದಿತು, ಕೊಲ್ಲುವ ಪ್ರಸಂಗವೂ ತಪ್ಪಿತು. ಟ್ರಸ್ಟಿನ ಖಜಾಂಚಿಗಳಾದ ಯಜಮಾನರು ಇದಕ್ಕೆ ಮಾತ್ರ ಕ್ಷಣವೂ ತಡೆಯದೆ ಇಲ್ಲವೆಂದರು. ಈ ಮಾತನ್ನು ಇತರ ಕ್ಷೇತ್ರಗಳ ಆಡಳಿತದವರೂ ಗಮನಿಸಬೇಕು. ವರಂಗದ ಕೆರೆ ಬಸದಿಗೆ ದೋಣಿಯಲ್ಲಿ ಸಾಗುವ ಯಾತ್ರಿಕರು ನೀರಿನ ಮೀನುಗಳನ್ನು ಕಂಡು ಸಂತೋಷಪಡುತ್ತಾರೆ. ಅಂಥ ನೀರಿಗೆ ರೋಗದ ಮೀನೊಂದನ್ನು ಬಿಟ್ಟರೆ ಈ ಬಿಳಿಚುಕ್ಕೆಯು ಅಲ್ಲಿನ ಮೀನುಗಳಿಗೂ ತಗಲುತ್ತದೆ. ಸಿಹಿನೀರಿನ ಮೀನುಗಳಲ್ಲಿ ಇದು ಕುಲಭೇದವನ್ನು ನೋಡುವುದಿಲ್ಲ. ರೋಗವಿಲ್ಲದ ಪರದೇಶದ ಮೀನೂ ಕಡಿಮೆಯ ಉಪದ್ರವವಲ್ಲ. ತೊಟ್ಟಿಯ ಗಾಜು ನೆಕ್ಕಿ ಶುಚಿಮಾಡುತ್ತದೆಂದು ಮಾರುವ ಫಲಕದ ಮೈಯ ಕ್ಯಾಟ್‌ಫಿಶ್ ದೊಡ್ಡದಾದ ಮೇಲೆ ಜನರು ಅದನ್ನು ಕೆರೆ ಹೊಳೆಗಳಿಗೆ ಎಸೆದರು. ಇಂದು ಅದು ನಮ್ಮ ದೇಶದ ಹಲವು ಜಲಾಶಯಗಳಲ್ಲಿ ಬೇರೂರಿ ಊರ ಮೀನುಗಳ ನೆಲೆಯನ್ನು ಕಿತ್ತುಕೊಳ್ಳುತ್ತಿದೆ. ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಎಣಿಸಿದ ಹದಿನೈದು ಕರ್ಮಾದಾನಗಳಲ್ಲಿ ಸರಃಶೋಷ, ಎಂದರೆ ಕೆರೆಯನ್ನು ಬತ್ತಿಸುವುದು ಒಂದು. ಕೆರೆಯನ್ನು ತುಂಬಿದಂತೆಯೇ ಇಟ್ಟು ಅದರೊಳಗಿನ ಜೀವಗಳನ್ನು ಬತ್ತಿಸಿದರೂ ಫಲ ಒಂದೇ.

ಕೊನೆಗೆ ದಾರಿ ತೋರಿಸಿದವರು ಸೊಸೆ. ವಿಷ ಹಾಕದೆ ಮೀನುಗಳನ್ನು ದಿನಕ್ಕೊಂದು ಶುದ್ಧ ಟಬ್ಬಿಗೆ ಬದಲಾಯಿಸುತ್ತ ಹೋದರೆ, ಉದುರಿದ ಜೀವಿಗಳು ಹಿಂದೆ ಉಳಿದು ಮೀನು ಸಿಗದೆ ಸಾಯುತ್ತವೆ ಎಂಬುದು ಒಂದು ಕ್ರಮ. ಅತ್ತೆಯವರು ಅದನ್ನು ಕೇಳಿ, ಕೈಯಾರೆ ಕೊಲ್ಲದೆ ಉಪವಾಸ ಕೆಡಹುವುದು ಅನ್ನಪಾನನಿರೋಧವಲ್ಲವೇ, ಅದೂ ಐದರಲ್ಲಿ ಒಂದಷ್ಟೇ ಎಂದರು. ಅದೂ ಅಲ್ಲದೆ ಸಂದಿಯಲ್ಲಿ ಅಡಗುವ ಲೋಚ್‌ಗಳನ್ನು ದಿನವೂ ಬಲೆಯಲ್ಲಿ ಹಿಡಿದರೆ ಆ ಭಯದಿಂದಲೇ ಅವು ಸತ್ತಾವು. ಉಳಿದದ್ದು ಶಾಖ, ಉಪ್ಪು ಮತ್ತು ಶುಚಿತ್ವದ ಮಾರ್ಗ. ನೀರನ್ನು 30 ಡಿಗ್ರಿಯ ಹತ್ತಿರ ಇಟ್ಟರೆ ಈ ಜೀವಿಯ ಸಂತಾನವೃದ್ಧಿಯು ಬಹುಮಟ್ಟಿಗೆ ನಿಲ್ಲುತ್ತದೆ. ಅಷ್ಟರಲ್ಲಿ ಮೀನಿನ ಮೈ ತಾನೇ ತಡೆಶಕ್ತಿಯನ್ನು ಬೆಳೆಸಿಕೊಳ್ಳುತ್ತದೆ. ಒಮ್ಮೆ ಉಳಿದ ಮೀನಿಗೆ ರೋಗ ಸುಲಭವಾಗಿ ಮತ್ತೆ ತಗಲುವುದಿಲ್ಲ. ಇದರಲ್ಲಿಯೂ ಹಿಂಸೆಯಿಲ್ಲವೆಂದಲ್ಲ, ಕಡಿಮೆಯೆಂದು ಮಾತ್ರ. ಹಿರಿಯ ಶ್ರಾವಿಕೆ ಅಷ್ಟಕ್ಕೆ ಒಪ್ಪಿದರು.

ಕೆಲಸವು ಆರಂಭವಾದದ್ದೇ ಒಂದು ತಪ್ಪಿನಿಂದ. ಬದಲಿಸುವ ನೀರಿಗಾಗಿ ಅತ್ತೆಯವರು ಸೋಸಿದ ನೀರನ್ನು ತುಂಬಿಟ್ಟಿದ್ದು ತಾಮ್ರದ ಹಂಡೆಯಲ್ಲಿ. ಶುದ್ಧಿಗೆ ಶ್ರೇಷ್ಠವೆಂದು ನಾವು ನಂಬಿದ ತಾಮ್ರವೇ ಮೀನಿಗೂ ಬಸವನಹುಳುವಿಗೂ ವಿಷ. ಸೊಸೆ ಸಕಾಲದಲ್ಲಿ ಕಂಡು ಆ ನೀರನ್ನು ಬಟ್ಟೆ ಒಗೆಯಲು ತೆಗೆದಿರಿಸಿ, ಪ್ಲಾಸ್ಟಿಕ್ ಡ್ರಮ್ಮು ತರಿಸಿದರು. 100 ವಾಟ್‌ನ ಹೀಟರ್ ಇಳಿಸಿ, ನೀರಿನ ಶಾಖವನ್ನು ಒಂದೇ ಸಲಕ್ಕೆ ಏರಿಸದೆ ಎರಡು ದಿನಗಳಲ್ಲಿ ಮೆಲ್ಲಮೆಲ್ಲನೆ 29 ಡಿಗ್ರಿಗೆ ತಂದರು. 30 ದಾಟಿದರೆ ಟೆಟ್ರಾ, ಕೋರಿಡೋರಸ್‌ಗಳೇ ತಾಳಲಾರವು. ಬೆಚ್ಚನೆಯ ನೀರಿನಲ್ಲಿ ಪ್ರಾಣವಾಯು ಕಡಿಮೆ ಕರಗುತ್ತದೆ. ಕಿವಿರು ಮೊದಲೇ ಗಾಯಗೊಂಡ ಮೀನಿಗೆ ಇದು ದೊಡ್ಡ ಸಂಕಟ. ಆದುದರಿಂದ ಗಾಳಿಯ ನಳಿಕೆಗಳನ್ನು ಎರಡು ಮಾಡಿದರು. ಮಳೆಗಾಲದ ಕರೆಂಟು ನಂಬುವಂಥದಲ್ಲವೆಂದು ಅದನ್ನು ಇನ್ವರ್ಟರಿಗೆ ಜೋಡಿಸಿದರು. ಉಪ್ಪು ಲೀಟರಿಗೆ 1 ಗ್ರಾಂ ಮಾತ್ರ, ಅದೂ ನೀರಿನಲ್ಲಿ ಕರಗಿಸಿ ಎರಡು ಕಂತಿನಲ್ಲಿ. ದಿನವೂ ಹುಡುಗನು ರಬ್ಬರ್ ನಳಿಕೆಯಿಂದ ಹರಳಿನ ತಳವನ್ನು ಹೀರಿ, ಕಾಲುಭಾಗ ನೀರನ್ನು ಹೊರತೆಗೆದು, ಅಷ್ಟೇ ಶಾಖದ, ಅಷ್ಟೇ ಉಪ್ಪಿನ ಹೊಸ ನೀರನ್ನು ಸುರಿಯುತ್ತಿದ್ದನು. ಕೋಶ ಕಟ್ಟಿದ ಜೀವಿಗಳಲ್ಲಿ ಬಹಳಷ್ಟು ಈ ತಳದ ನೀರಿನೊಡನೆಯೇ ಹೊರಬರುತ್ತವೆ.

ಮೊದಲ ದಿನ ಆ ನೀರಿನ ಬಕೆಟ್ ಹಿಡಿದು ಹುಡುಗನು ಅಂಗಳದಲ್ಲಿ ನಿಂತನು. ಎಲ್ಲಿ ಚೆಲ್ಲಬೇಕು? ಸೋಸಿದ ಅರಿವೆಯ ಜೀವಗಳನ್ನು ಬಂದಲ್ಲಿಗೇ ಮರಳಿಸುವುದು ಮನೆಯ ಪದ್ಧತಿ. ಆದರೆ ಬಾವಿಗೆ ಸುರಿದರೆ ಬಾವಿಯ ಮೀನುಗಳಿಗೆ ರೋಗ, ಗಟಾರಕ್ಕೆ ಸುರಿದರೆ ಅದು ಸೇರುವುದು ಕೆರೆಯನ್ನೇ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. ಮತ್ತೆ ತಾವೇ ಬಕೆಟನ್ನು ತೆಗೆದುಕೊಂಡು ಹಿತ್ತಲಿನ ತೆಂಗಿನ ಬುಡದ ಒಣಮಣ್ಣಿಗೆ, ಬಗ್ಗಿ, ಸ್ವಲ್ಪ ಸ್ವಲ್ಪವಾಗಿ ಬಿಟ್ಟರು. ಒಣಗಿದರೆ ಆ ಜೀವಿಗಳು ಬದುಕುವುದಿಲ್ಲವೆಂದು ಸೊಸೆ ಹೇಳಿದ್ದು ಅವರಿಗೆ ಗೊತ್ತಿದ್ದಿತು. ಅಂದಿನಿಂದ ಹನ್ನೆರಡು ದಿನವೂ ಆ ಕೆಲಸವನ್ನು ಅವರು ಬೇರೆ ಯಾರಿಗೂ ಬಿಡಲಿಲ್ಲ. ಮಾಡಿದ ಮೇಲೆ ಪ್ರತಿದಿನ ಒಂಬತ್ತು ಸಲ ಣಮೋಕಾರ ಮಂತ್ರವನ್ನು ಜಪಿಸುತ್ತಿದ್ದರು.

ರಾತ್ರಿ ಮೊಮ್ಮಗನು ತೊಟ್ಟಿಯ ಮುಂದೆ ಕುಳಿತಾಗ ಅವರು ಮೃಗಸೇನನೆಂಬ ಬೆಸ್ತನ ಕಥೆಯನ್ನು ಹೇಳಿದರು. ಹರಿಷೇಣಾಚಾರ್ಯರು ಕ್ರಿ.ಶ. 931ರಲ್ಲಿ ರಚಿಸಿದ ಬೃಹತ್ಕಥಾಕೋಶದಲ್ಲಿಯೂ ಬರುವ ಕಥೆಯದು. ಬಲೆಗೆ ಮೊದಲು ಬಿದ್ದ ಮೀನನ್ನು ಕೊಲ್ಲುವುದಿಲ್ಲವೆಂದು ಅವನು ಮುನಿಗಳ ಬಳಿ ವ್ರತ ತೊಟ್ಟನು. ಅಂದು ಗುರುತು ಕಟ್ಟಿ ಬಿಟ್ಟ ಅದೇ ಮೀನು ಮತ್ತೆ ಮತ್ತೆ ಬಲೆಗೆ ಬಿದ್ದಿತು. ಪ್ರತಿಸಲವೂ ಬಿಟ್ಟು ಬರಿಗೈಯಲ್ಲಿ ಮನೆಗೆ ಬಂದನು. ಕಥೆ ಮುಗಿದ ಮೇಲೆ ಹುಡುಗನು, ಅವನು ಉಳಿದ ಮೀನುಗಳನ್ನು ಹಿಡಿಯುವ ವೃತ್ತಿಯನ್ನೇ ಏಕೆ ಬಿಡಲಿಲ್ಲವೆಂದು ಕೇಳಿದನು. ಎಷ್ಟು ಸಾಧ್ಯವೋ ಅಷ್ಟಕ್ಕೆ ವ್ರತ ಕೊಡುತ್ತಾರೆ ಎಂದು ಅಜ್ಜಿಯ ಉತ್ತರ.

ಚಿಕಿತ್ಸೆಯ ಮೂರನೆಯ ದಿನ ಚುಕ್ಕೆಗಳು ಕಡಿಮೆಯಾಗುವ ಬದಲು ಇಮ್ಮಡಿಯಾದವು. ಹಾಗಾಗುವುದು ಸಹಜ. ಶಾಖದಿಂದ ಚಕ್ರವು ವೇಗವಾಗಿ ಉರುಳಿ, ಮೊದಲೇ ಚರ್ಮದೊಳಗೆ ಸೇರಿದ್ದವೆಲ್ಲ ಒಮ್ಮೆಗೇ ಬೆಳೆದು ಕಾಣಿಸಿಕೊಳ್ಳುತ್ತವೆ. ಆದರೆ ಯಜಮಾನರಿಗೆ ಅದು ಸೋಲಿನಂತೆ ಕಂಡಿತು. ಮತ್ತೊಂದು ಟೆಟ್ರಾ ಆ ದಿನ ಸತ್ತಿತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅವರು ಬೀರುವಿನಿಂದ ಶೀಶೆಯನ್ನು ತೆಗೆದು, ಅರ್ಧ ಪ್ರಮಾಣದಲ್ಲಿಯೂ ಅರ್ಧವನ್ನು ಎಣಿಸಿ, ಹನಿಹನಿಯಾಗಿ ತೊಟ್ಟಿಗೆ ಹಾಕಿದರು. ಬೆಳಗಿನ ಹೊತ್ತಿಗೆ ನೀರಿನ ಬಣ್ಣ ಬಹುತೇಕ ತಿಳಿಯಾಗಿದ್ದಿತು. ಯಾರೂ ಏನೂ ಅನ್ನಲಿಲ್ಲ. ಆದರೆ ನಾಲ್ಕು ಕೋರಿಡೋರಸ್‌ಗಳಲ್ಲಿ ಒಂದು ತಳದಲ್ಲಿ ಸತ್ತು ಬಿದ್ದಿತ್ತು. ಅದರ ಮೈಮೇಲೆ ಒಂದು ಚುಕ್ಕೆಯೂ ಇರಲಿಲ್ಲ.

ಅನಂತರ ಹೊಸ ಸಾವಾಗಲಿಲ್ಲ. ಐದನೆಯ ದಿನಕ್ಕೆ ಚುಕ್ಕೆಗಳು ವಿರಳವಾದವು, ಎಂಟನೆಯ ದಿನಕ್ಕೆ ಮಾಯವಾದವು. ಸೊಸೆಯ ಮಾತಿನಂತೆ ಹನ್ನೆರಡು ದಿನ ಪೂರೈಸಿ, ಶಾಖವನ್ನು ಮೆಲ್ಲನೆ ಇಳಿಸಿದರು. ಹದಿನೇಳು ಮೀನುಗಳಲ್ಲಿ ಹನ್ನೆರಡು ಉಳಿದವು.

ಭಾದ್ರಪದ ಶುಕ್ಲ ಪಂಚಮಿಗೆ ದಶಲಕ್ಷಣ ಪರ್ವ ಬಂದಿತು. ಹತ್ತು ದಿನಗಳ ಪೂಜೆ, ಪ್ರವಚನಗಳಲ್ಲಿ ಯಜಮಾನರು ಎಂದಿನಂತೆ ಬಸದಿಯ ಲೆಕ್ಕವನ್ನು ನೋಡಿದರು. ನಡುವೆ ಒಂದು ದಿನ ಸೊಸೆ ಯಾವುದೋ ಮಾತಿಗೆ, ಬೆಚ್ಚನೆಯ ನೀರಿನಲ್ಲಿ ಆ ಬಣ್ಣದ ಮದ್ದಿನ ಉಗ್ರತೆ ಹೆಚ್ಚುತ್ತದೆ, ಅದನ್ನು ಹಾಕದಿದ್ದುದು ಒಳ್ಳೆಯದಾಯಿತು ಎಂದರು. ಅವರು ಆ ರಾತ್ರಿ ನಿದ್ದೆ ಮಾಡಲಿಲ್ಲ. ಉಳಿದ ಹನ್ನೆರಡನ್ನು ಬದುಕಿಸಿದ್ದು ಶಾಖವೋ ಆ ಹನಿಗಳೋ? ಒಂದನ್ನು ಕೊಂದದ್ದು ರೋಗವೋ, ಶಾಖವೋ, ತಮ್ಮ ಕೈಯೋ? ನಲವತ್ತು ವರ್ಷ ಲೆಕ್ಕ ಬರೆದ ಕೈಗೆ ಈ ಒಂದು ಕಲಮನ್ನು ಯಾವ ಖಾತೆಗೆ ಹಾಕಬೇಕೆಂದು ತಿಳಿಯಲಿಲ್ಲ. ಜಮೆಗೂ ಬರೆಯಲಾಗದು, ಖರ್ಚಿಗೂ ಬರೆಯಲಾಗದು. ಅಭಿಪ್ರಾಯವು ರೈತನದೇ ಆಗಿದ್ದಿತು. ಆದರೆ ರೈತನು ರಾತ್ರಿಯಲ್ಲಿ ಯಾರಿಗೂ ಕಾಣದಂತೆ ಉಳುವುದಿಲ್ಲ.

ಕ್ಷಮಾವಾಣಿಯ ದಿನ ಬಸದಿಯಿಂದ ಬಂದು, ಎಲ್ಲರಿಗೂ ಕೈಮುಗಿದು ಆದ ಮೇಲೆ, ಅವರು ಹೆಂಡತಿಯ ಮುಂದೆ ನಿಂತು ಅದನ್ನು ಹೇಳಿದರು. ತಿಳಿದೋ ತಿಳಿಯದೆಯೋ ಎಂಬ ರೂಢಿಯ ಮಾತನ್ನು ಬಿಟ್ಟು, ತಿಳಿದೇ ಮಾಡಿದೆನೆಂದು ಹೇಳಿದರು.

"ನನಗ ಗೊತ್ತಿತ್ರಿ," ಎಂದರು ಆ ತಾಯಿ. "ನಿಮ್ಮ ಬೆರಳು ನಾಕು ದಿವಸ ಹಸರಿತ್ತು. ತೊಟ್ಟಿ ಮೂಲ್ಯಾಗಿನ ಗೋಂದಿಗೂ ಹಸರು ಹತ್ತೇತಿ, ತೊಳದರೂ ಹೋಗವಲ್ದು."

ಏಕೆ ಕೇಳಲಿಲ್ಲವೆಂದು ಅವರು ಕೇಳಿದರು. ಕೇಳಿದ್ದರೆ ನೀವು ಸುಳ್ಳು ಹೇಳಬೇಕಾಗುತ್ತಿತ್ತು, ಅದೊಂದು ವ್ರತವಾದರೂ ಉಳಿಯಲಿ ಎಂದು ಸುಮ್ಮನಿದ್ದೆ ಎಂಬ ಅರ್ಥದ ಮಾತನ್ನು ಆಕೆ ಹೇಳಿ ಒಳಗೆ ಹೋದರು. ಆ ವರ್ಷದಿಂದ ಗೋದಾಮಿನ ಒಂದು ಮೂಲೆಯ ಕಡಲೆಯನ್ನು, ಮನೆಬಳಕೆಗೂ ಬಸದಿಯ ಅನ್ನಸಂತರ್ಪಣೆಗೂ ಬೇಕಾದಷ್ಟನ್ನು, ಮತ್ತೆ ಬಿಸಿಲಿಗೆ ಹರವಿ ಬೇವು ಹಾಕಿ ಇಡುತ್ತಿದ್ದಾರೆ. ಉಳಿದದ್ದಕ್ಕೆ ಮಾತ್ರೆಗಳು ಹಾಗೆಯೇ ಇವೆ.

ಹೊಸ ಮೀನು ಕೊಳ್ಳುವುದಿಲ್ಲವೆಂದು ಹುಡುಗನು ತಾನಾಗಿ ನಿಯಮ ಮಾಡಿಕೊಂಡನು. ಟೆಟ್ರಾಗಳು ಆಯುಷ್ಯ ತೀರಿದಂತೆ ಒಂದೊಂದಾಗಿ ಹೋಗುತ್ತಿವೆ. ಆದರೆ ಬದುಕುಳಿದ ಆ ಒಂದು ಕ್ಲೌನ್ ಲೋಚ್‌ನದು ಬೇರೆ ಸಮಸ್ಯೆ. ಅದು ಗುಂಪಿನಲ್ಲಿ ಬಾಳುವ ಮೀನು. ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲುದು, ಸುಮಾರು ಒಂದು ಅಡಿಯವರೆಗೆ ಬೆಳೆಯಬಲ್ಲುದು. ಅದಕ್ಕೆ ಜೊತೆ ತರಬೇಕಾದರೆ ಮತ್ತೆ ಅಂಗಡಿಗೆ ಹೋಗಬೇಕು, ನಿಯಮ ಮುರಿಯಬೇಕು. ತರದಿದ್ದರೆ ಅದು ಒಂಟಿಯಾಗಿ ಕಲ್ಲಿನ ಹಿಂದೆ ಮಲಗಿರುತ್ತದೆ. ತೊಟ್ಟಿಯೂ ಅದಕ್ಕೆ ಸಾಲದಾಗುವ ದಿನ ದೂರವಿಲ್ಲ. ಈ ಪ್ರಶ್ನೆಯನ್ನು ಪಂಡಿತರಿಗೆ ಕೇಳಿದಾಗ ಅವರು ನಕ್ಕು, ಮುಂದಿನ ಚಾತುರ್ಮಾಸಕ್ಕೆ ಮುನಿಗಳು ಬಂದಾಗ ಕೇಳೋಣವೆಂದರು. 2024ರಲ್ಲಿ ಹುಡುಗನು ಪಿಯುಸಿ ಓದಲು ಧಾರವಾಡಕ್ಕೆ ಹೋದನು. ಬೆಳಿಗ್ಗೆ ತೊಟ್ಟಿಯ ದೀಪ ಹಾಕುವವರು ಈಗ ಅಜ್ಜಿ. ಬಾವಿಯ ನೀರನ್ನು ಎರಡು ಅರಿವೆಗಳಲ್ಲಿ ಸೋಸುತ್ತಾರೆ, ಮನೆಯವರಿಗೆ ತಾಮ್ರದ ಹಂಡೆಗೆ, ಮೀನಿಗೆ ಪ್ಲಾಸ್ಟಿಕ್ ಡ್ರಮ್ಮಿಗೆ.